ನಾಲ್ಕು ಬೆರಳಿನ ಈಡು

ರೋಹಿದಾಸನ ಊರಿನಲ್ಲಿ ಕೇಪಿನ ಕೋವಿಗೆ ಮದ್ದು ಅಳೆಯುವುದು ಬೆರಳಿನಲ್ಲಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಇಳಿಸಿ, ಗಜವೆಂಬ ಉದ್ದನೆಯ ಕೋಲಿನಿಂದ ಗಿಡಿಯಬೇಕು. ಆಮೇಲೆ ಆ ಕೋಲು ಬರಿದಾದ ನಳಿಗೆಯಲ್ಲಿ ನಿಂತದ್ದಕ್ಕಿಂತ ಎಷ್ಟು ಮೇಲೆ ಎದ್ದಿತು ಎಂದು ಬೆರಳಿಟ್ಟು ನೋಡಬೇಕು. ಮೂರು ಬೆರಳಿನ ಈಡು ಹಕ್ಕಿಗೆ, ನಾಲ್ಕು ಹಂದಿಗೆ. ಐದು ಹಾಕಿದವನ ಹೆಗಲಿಗೆ ಅವನೇ ಜವಾಬ್ದಾರ. ಅಪ್ಪ ಹೇಳಿಕೊಟ್ಟ ಈ ಲೆಕ್ಕವನ್ನು ರೋಹಿದಾಸ ಕುವೈತಿಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತವನಿಗೆ ಅಳತೆಯೆಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಅಲ್ಲಿ ಬೆರಳಿನ ಮಾತು ಆಡುವುದಾದರೂ ಯಾರ ಹತ್ತಿರ?

ನವೆಂಬರಿನ ಮೊದಲ ವಾರ ವರ್ಕ್‌ಶಾಪಿನ ಯಜಮಾನ ಬೂ ಫಹದ್ ತಮ್ಮ ಕೋಣೆಯ ಮೇಜಿನ ಮೇಲೆ ಒಂದು ಉದ್ದ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದರು. ರಜೆ ಕೇಳಲೆಂದು ಒಳಗೆ ಹೋದ ರೋಹಿದಾಸ ಪೆಟ್ಟಿಗೆ ನೋಡಿ ಕೇಳಬೇಕಾದ್ದನ್ನು ಮರೆತ. ಬಾಯಿಯಿಂದ ಮದ್ದು ತುಂಬುವ ಬಂದೂಕು. ಊರಿನದಕ್ಕಿಂತ ಗಟ್ಟಿ, ಹೊಸದು, ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದದ್ದು. ಆದರೆ ಕೇಪಿಗೆ ಬಡಿಯುವ ಕುದುರೆ ಅದೇ, ಕೇಪು ಕೂರಿಸುವ ಮೊಲೆ ಅದೇ.

ಬೂ ಫಹದರಿಗೆ ಅರವತ್ತು ದಾಟಿತ್ತು. ಪ್ರತಿ ಚಳಿಗಾಲ ಯುರೋಪಿನಲ್ಲಿ ಸ್ನೇಹಿತರೊಬ್ಬರ ಕಾಡಿಗೆ ಜಿಂಕೆ ಬೇಟೆಗೆ ಹೋಗುವುದು ಅವರ ರೂಢಿ. ಅಲ್ಲಿ ಹಳೆಯ ಕಾಲದ ಈ ಬಂದೂಕಿಗೇ ಮರ್ಯಾದೆಯಂತೆ.

"ಐವತ್ತು ಮೀಟರಿಗೆ ಸರಿ," ಎಂದರು, ಅರಬ್ಬಿಗೆ ಹಿಂದಿ ಬೆರೆಸಿದ ವರ್ಕ್‌ಶಾಪಿನ ಭಾಷೆಯಲ್ಲಿ. "ನೂರಕ್ಕೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಹೋದ ವರ್ಷ ಒಂದು ಜಿಂಕೆಯ ಹೊಟ್ಟೆಗೆ ಬಿತ್ತು. ಮರುದಿನ ಸಿಕ್ಕಿತು. ಅಷ್ಟು ಹೊತ್ತೂ ಜೀವ ಇತ್ತು, ರೋಹಿ. ನನಗೆ ಊಟ ಸೇರಲಿಲ್ಲ."

"ಮದ್ದು ಹೇಗೆ ಅಳೆಯುತ್ತೀರಿ?"

ಬೂ ಫಹದ್ ತಲೆಯೆತ್ತಿದರು. "ನಿನಗೆ ಇದು ಗೊತ್ತೆ?"

ಹಾಗೆ ಶುರುವಾಯಿತು. ರೋಹಿದಾಸ ಬಂದ ಕೆಲಸವನ್ನೂ ಹೇಳಿದ. ಅಪ್ಪ ಮಾರ್ಚಿನಲ್ಲಿ ತೀರಿಹೋಗಿದ್ದರು. ಅವರ ಬೆಳೆ ಕಾಯುವ ಕೋವಿಯನ್ನು ಚುನಾವಣೆಯ ಹೊತ್ತಿಗೆ ಪೊಲೀಸ್ ಠಾಣೆಯಲ್ಲಿಟ್ಟದ್ದು ಅಲ್ಲೇ ಉಳಿದಿತ್ತು. ಡಿಸೆಂಬರ್ ಒಂಬತ್ತಕ್ಕೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದರ ಪರವಾನಗಿಯ ವಿಚಾರಣೆ. ವಾರಸುದಾರ ಹಾಜರಾಗದಿದ್ದರೆ ಕೋವಿ ಸರ್ಕಾರಕ್ಕೆ. ಬೂ ಫಹದ್ ಗಡ್ಡ ಕೆರೆದುಕೊಂಡರು. ಮಾರ್ಚಿನಲ್ಲಿ ಹತ್ತು ದಿನ ರಜೆ ಕೊಟ್ಟಾಗಿತ್ತು, ಮೇಲಾಗಿ ಡಿಸೆಂಬರಿನಲ್ಲಿ ತಾವೇ ಇರುವುದಿಲ್ಲ. ಕೊನೆಗೆ, "ನೂರು ಮೀಟರಿನಲ್ಲಿ ಮೂರು ಗುಂಡು ನನ್ನ ಅಂಗೈಯೊಳಗೆ ಬೀಳಲಿ, ನೀನು ಹೋಗು. ಬೀಳದಿದ್ದರೆ ನಾನೂ ಹೋಗುವುದಿಲ್ಲ, ನೀನೂ ಹೋಗುವುದಿಲ್ಲ," ಎಂದರು.

ಪಕ್ಕದ ವೆಲ್ಡಿಂಗ್ ಶೆಡ್ಡಿನ ಅಬ್ದುಲ್ ನಾಸಿರ್ ಉಳ್ಳಾಲದವನು. ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ಲರೂ ರಜೆಗೆ ಅಜ್ಜಿಯನ್ನು ಸಾಯಿಸ್ತಾರೆ. ನೀನು ಜಿಂಕೆ ಸಾಯಿಸ್ಲಿಕ್ಕೆ ಹೊರಟಿಯಾ ಮಾರಾಯ?"

"ಒಂದೇ ಪೆಟ್ಟಿಗೆ ಸಾಯ್ಲಿ ಅಂತ ಅಷ್ಟೆ," ಎಂದ ರೋಹಿದಾಸ.

ಶನಿವಾರ ಮಧ್ಯಾಹ್ನ ಬೂ ಫಹದ್ ಅವನನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಗುಂಡು ಹಾರಿಸುವುದು ಪರವಾನಗಿ ಇದ್ದ ಅವರೇ. ತುಂಬುವುದು, ಒರೆಸುವುದು ರೋಹಿದಾಸನ ಪಾಲಿಗೆ. ಮೊದಲ ಗುಂಡು ಹಾರಿದಾಗ ಎದ್ದ ಬಿಳಿ ಹೊಗೆ ಗಾಳಿಗೆ ಅವನ ಕಡೆಗೇ ತಿರುಗಿತು. ಆ ಗಂಧಕದ ವಾಸನೆ ಮೂಗಿಗೆ ಹೊಡೆದದ್ದೇ ಮರಳು, ಕಾಂಕ್ರೀಟು, ದೂರದ ವಿದ್ಯುತ್ ಕಂಬಗಳು ಯಾವುದೂ ಅವನ ಕಣ್ಣಿಗೆ ಉಳಿಯಲಿಲ್ಲ. ಕೊಯ್ದ ಗದ್ದೆಯ ಕೂಳೆ, ಅಪ್ಪನ ತೋಳಿಲ್ಲದ ಬನಿಯನ್ನು, ಬೆಳಗಿನ ಇಬ್ಬನಿಗೆ ತೊಯ್ದ ಅಟ್ಟಣಿಗೆಯ ಏಣಿ. ಬೂ ಫಹದ್ ಎರಡು ಸಲ ಕರೆದ ಮೇಲೆ ಅವನಿಗೆ ಕೇಳಿಸಿತು.

ಆ ದಿನ ನಾಲ್ಕು ಬೆರಳಿನ ಈಡು ತುಂಬಿ ಆರು ಗುಂಡು ಹೊಡೆದರು. ಕಾಗದದ ಮೇಲೆ ಆರೂ ಚೆಲ್ಲಾಪಿಲ್ಲಿ, ಕೋಳಿ ಕೆದಕಿದ ಹಾಗೆ.

ಮುಂದಿನ ವಾರ ರೋಹಿದಾಸ ಒಂದೊಂದೇ ತಪ್ಪನ್ನು ತಿದ್ದುತ್ತ ಬಂದ. ಒಂದು ಗುಂಡು ಹಾರಿದ ಮೇಲೆ ನಳಿಗೆಯೊಳಗೆ ಮಸಿ ಕಟ್ಟುತ್ತದೆ, ಎರಡನೆಯದು ಬಿಗಿಯಾಗಿ ಇಳಿಯುತ್ತದೆ, ಮೂರನೆಯದು ಇನ್ನೂ ಬಿಗಿ. ಅದಕ್ಕೆ ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಎಳೆದ. ಗುಂಡಿಗೆ ಸುತ್ತುವ ತುಂಡು ಬಟ್ಟೆ ತೆಳುವಾದರೆ ಸುರುಳಿ ಗೆರೆ ಗುಂಡನ್ನು ಹಿಡಿಯುವುದಿಲ್ಲ. ದಿಂಬಿನ ಚೀಲ, ಹಳೆಯ ಲುಂಗಿ, ಕ್ಯಾನ್ವಾಸು ಎಲ್ಲವನ್ನೂ ಕತ್ತರಿಸಿ ದಪ್ಪ ಅಳೆದು ನೋಡಿದ. ಕೊನೆಗೆ ಒಪ್ಪಿದ್ದು ನಾಸಿರನ ಹಾಸಿಗೆಯ ಪಟ್ಟೆ ಬಟ್ಟೆ.

"ಮುಂದಿನ ವಾರ ನನ್ನ ಚರ್ಮ ಕೇಳ್ತಾನೆ ಇವ," ಎಂದ ನಾಸಿರ್.

ಗುಂಡುಗಳು ಹತ್ತಿರ ಬಂದವು. ಎರಡು ಅಂಗೈಯೊಳಗೆ, ಮೂರನೆಯದು ಒಂದು ಗೇಣು ಹೊರಗೆ. ಯಾವಾಗಲೂ ಒಂದು ಹೊರಗೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ತಾರೀಕು ಇಪ್ಪತ್ತೆರಡಾಯಿತು.

ತಪ್ಪು ಎಲ್ಲಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವಾರ ಅದರ ಸುತ್ತಲೇ ತಿರುಗಿದ್ದ. ಬೆರಳು ಒಂದು ಸಲ ಒತ್ತಾಗಿ ಕೂರುತ್ತದೆ, ಒಂದು ಸಲ ಸಡಿಲ. ಗಜವನ್ನು ಒಮ್ಮೆ ಜೋರಾಗಿ ಗಿಡಿದರೆ ಮದ್ದು ಅಮರಿ ನಾಲ್ಕು ಬೆರಳಿಗೆ ಹೆಚ್ಚು ಹಿಡಿಯುತ್ತದೆ, ಮೆಲ್ಲಗೆ ಗಿಡಿದರೆ ಕಡಿಮೆ. ಮೂವತ್ತು ಹೆಜ್ಜೆಯಲ್ಲಿ ಬರುವ ಹಂದಿಗೆ ಅದು ಲೆಕ್ಕಕ್ಕಿಲ್ಲ. ನೂರು ಮೀಟರಿಗೆ ಚಿಟಿಕೆ ಮದ್ದಿನ ವ್ಯತ್ಯಾಸ ಒಂದು ಗೇಣಾಗುತ್ತದೆ. ಅಪ್ಪ ದೂರಕ್ಕೆ ಹೊಡೆದವರೇ ಅಲ್ಲ. ಹತ್ತಿರ ಬರುವವರೆಗೆ ಉಸಿರು ಬಿಗಿ ಹಿಡಿದು ಕೂರುತ್ತಿದ್ದರು, ಅದೇ ಅವರ ಗುರಿ.

ಸೋಮವಾರ ಊಟದ ಬಿಡುವಿನಲ್ಲಿ ರೋಹಿದಾಸ ಒಂದು ತುಂಡು ಹಿತ್ತಾಳೆ ಸರಳನ್ನು ಲೇತಿಗೆ ಕಟ್ಟಿದ. ಹೆಬ್ಬೆರಳ ಗಾತ್ರದ ಒಂದು ಸಣ್ಣ ಅಳತೆ ಬಟ್ಟಲು ಕೊರೆದ, ಅಂಚನ್ನು ನಯ ಮಾಡಿದ. ಇದನ್ನು ತುಂಬಿ, ಅಂಚಿಗೆ ಸಮನಾಗಿ ಕೈ ಎಳೆದರೆ ಪ್ರತಿ ಸಲವೂ ಒಂದೇ ಅಳತೆಯ ಮದ್ದು. ಗಜದ ಮೇಲೂ ಸುತ್ತ ಒಂದು ಗೆರೆ ಹಾಕಿದ. ಗುಂಡು ಗಿಡಿಯುವಾಗ ಗಜ ಆ ಗೆರೆಯವರೆಗೆ ಇಳಿದರೆ ಮುಗಿಯಿತು, ಬೆರಳು ಬೇಡ. ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಬಟ್ಟಲನ್ನು ಅಂಗೈಯಲ್ಲಿಟ್ಟುಕೊಂಡು ನಿಂತ. ಅಪ್ಪ ಅವನ ಎಳೆಯ ಬೆರಳುಗಳ ಪಕ್ಕಕ್ಕೆ ತಮ್ಮ ಬೆರಳುಗಳನ್ನು ಕೋಲಿಗೆ ಒತ್ತಿ ಹಿಡಿದು, "ನಿನ್ನ ಐದು, ನನ್ನ ನಾಲ್ಕು," ಎಂದು ನಗುತ್ತಿದ್ದರು. ಅಪ್ಪನಿಂದ ಕೈಗೆ ಬಂದ ಆಸ್ತಿ ಅದೊಂದೇ, ಅದನ್ನು ಕೈಯಾರೆ ತೆಗೆದುಹಾಕಿದಂತಾಯಿತು ಅವನಿಗೆ.

ನವೆಂಬರಿನ ಕೊನೆಯ ಶನಿವಾರ ಮೂರು ಗುಂಡುಗಳು ಬೂ ಫಹದರ ಅಂಗೈಯೊಳಗೆ ಬಿದ್ದವು. ಅವರಿಗೆ ನಂಬಿಕೆಯಾಗದೆ ಇನ್ನೂ ಮೂರು ಹೊಡೆದರು. ಅವೂ ಬಿದ್ದವು. ಕಾಗದವನ್ನು ಸೂರ್ಯನಿಗೆ ಹಿಡಿದು ತೂತುಗಳನ್ನು ನೋಡುತ್ತ, "ನಾಳೆ ಅರ್ಜಿ ತಾ," ಎಂದರು. "ನನ್ನದು ಖಲಾಸ್, ನಿನ್ನದೂ ಖಲಾಸ್."

ಭಾನುವಾರ ಬೆಳಗಿನ ಚಹಾದ ಹೊತ್ತಿಗೆ ರೋಹಿದಾಸ ಹೆಂಡತಿಗೆ ಫೋನು ಮಾಡಿದ. ಉಮಾವತಿ ಬಚ್ಚಲ ಹತ್ತಿರ ಇದ್ದಿರಬೇಕು, ಬಿಂದಿಗೆಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ರಜೆ ಸಿಕ್ಕಿತು. ಐದನೇ ತಾರೀಕಿಗೆ ಬರ್ತೇನೆ," ಎಂದ.

ನೀರು ನಿಂತಿತು. "ಅಯ್ಯೋ, ನಾನೇ ನಿಮಗೆ ಫೋನು ಮಾಡುವವಳಿದ್ದೆ. ನಿನ್ನೆ ಕಂದಾಯದ ವಿ.ಎ. ಬಂದಿದ್ರು, ಕೋವಿಯ ವಿಚಾರಣೆಗೆ. ಗದ್ದೆ ಮಾಡುವುದು ಯಾರು ಅಂತ ಕೇಳಿದ್ರು. ನಾನು ಅಂದೆ. ಮತ್ತೆ ಯಾರ ಹೆಸರು ಹೇಳುದು?"

"ಸರಿಯೇ."

"ಕುವೈಟಲ್ಲಿ ಇರುವವರಿಗೆ ಬೆಳೆ ಕಾಯುವ ಕೋವಿ ಕೊಡ್ಲಿಕ್ಕೆ ಬರುದಿಲ್ಲಂತೆ. ಹಂದಿ ಬರುದು ಇಲ್ಲಿಗಲ್ವಾ ಅಮ್ಮ, ಅವರಿಗೆ ಅಲ್ಲಿಂದ ಗುರಿ ಸಿಕ್ತದಾ ಅಂತ ನಗಾಡಿದ್ರು. ನನ್ನ ಹೆಸರಲ್ಲೇ ಬರ್ಕೊಂಡು ಹೋಗಿದ್ದಾರೆ. ಒಂಬತ್ತಕ್ಕೆ ನಾನು ಹೋದ್ರೆ ಆಯ್ತಂತೆ. ನಿಮ್ಮದೊಂದು ಒಪ್ಪಿಗೆ ಕಾಗದ ಬೇಕು, ಅಷ್ಟೆ."

ಕೋವಿ ಮನೆಗೆ ಬರುತ್ತದೆ, ರೋಹಿದಾಸ ಬಯಸಿದ್ದು ಅದನ್ನೇ.

"ಹಾಗಾದ್ರೆ ನೀವು ಸುಮ್ಮನೆ ಓಡಿ ಬರುದು ಬೇಡ," ಎಂದಳು ಉಮಾವತಿ. "ರಜೆ ಉಳಿಸಿಕೊಳ್ಳಿ. ಏನಾದ್ರೂ ಕಾರಣ ಇರುವಾಗ ಬಂದ್ರಾಯ್ತು." ಮತ್ತೆ ನೀರು ಬಿಟ್ಟ ಸದ್ದು.

ಅವನು ಅರ್ಜಿ ಹಿಡಿದು ಕೂತ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಕಾರಣವಿಲ್ಲದೆ ಊರಿಗೆ ಹೋದವನಲ್ಲ. ತಂಗಿಯ ಮದುವೆ, ಮನೆಯ ಮಾಡಿನ ರಿಪೇರಿ, ಅಮ್ಮನ ಉತ್ತರಕ್ರಿಯೆಯ ಬೊಜ್ಜ, ಅಪ್ಪನದು. ಪ್ರತಿ ಸಲ ಒಂದು ಕೆಲಸ ಕಾದಿರುತ್ತಿತ್ತು, ಮುಗಿಸಿ ಬರುತ್ತಿದ್ದ. ಉಮಾವತಿಯ ಜೊತೆ ಸುಮ್ಮನೆ ಅಂಗಳದಲ್ಲಿ ಕೂತ ದಿನಗಳನ್ನು ಎಣಿಸಲು ಹೋದ; ಒಂದು ಕೈಯಲ್ಲೇ ಮುಗಿದುಹೋಯಿತು.

ಬೂ ಫಹದ್ ಅರ್ಜಿ ತೆಗೆದುಕೊಂಡು ಕನ್ನಡಕ ಏರಿಸಿದರು. "ಕಾರಣ ಬರೆದಿಲ್ಲ. ಸರ್ಕಾರಿ ಕೆಲಸ ಅಂದಿದ್ದೆಯಲ್ಲ?"

"ಅದು ಮುಗಿಯಿತು. ಹೆಂಡತಿಯೇ ಮುಗಿಸಿದಳು."

"ಮತ್ತೆ? ಮದುವೆಯೆ? ಯಾರಿಗಾದರೂ ಕಾಯಿಲೆಯೆ?"

"ಎಲ್ಲರೂ ಚೆನ್ನಾಗಿದ್ದಾರೆ."

ಒಂದು ಸುಳ್ಳು ಸಾಕಿತ್ತು. ನಾಲಿಗೆಯ ತುದಿಗೆ ಎರಡು ಮೂರು ಬಂದವು ಕೂಡ. ರೋಹಿದಾಸ ಅವನ್ನು ನುಂಗಿಕೊಂಡು, "ಮನೆಗೆ ಹೋಗಬೇಕು, ಬೂ ಫಹದ್. ಅಷ್ಟೆ," ಎಂದ.

ಬೂ ಫಹದ್ ಪೆನ್ನು ತೆಗೆದು ಕಾರಣದ ಖಾಲಿ ಜಾಗದಲ್ಲಿ ಅರಬ್ಬಿಯಲ್ಲಿ ಏನೋ ಬರೆದು, ಕೆಳಗೆ ಸಹಿ ಹಾಕಿದರು. "ಎಷ್ಟು ದಿನ?"

ಒಂದು ತಿಂಗಳು ಎನ್ನಲು ಬಾಯಿ ತೆರೆದವನು, "ಎರಡು ತಿಂಗಳು," ಎಂದುಬಿಟ್ಟ.

ಅರಬ್ಬಿ ಓದಲು ಬರುತ್ತಿದ್ದ ನಾಸಿರನಿಗೆ ಕಾಗದ ತೋರಿಸಿದ. ನಾಸಿರ್ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಓದಿದ. "'ಬೈತ್' ಅಂತ ಬರ್ದಿದ್ದಾರೆ. ಮನೆ. ಬೇರೆಂತದೂ ಇಲ್ಲ. ಹೆಂಡ್ತಿಗೆ ಹೇಳಿದ್ಯಾ?"

"ಬರುದು ಬೇಡ ಅಂದಿದ್ದಾಳೆ."

"ಹಾಗಾದ್ರೆ ಮೊದಲೇ ಹೇಳಿ ಹೋಗು ಮಾರಾಯ. ಕೋವಿ ಈಗ ಅವಳ ಹೆಸರಲ್ಲುಂಟು."

ರೋಹಿದಾಸ ನಗುತ್ತ ಶೆಡ್ಡಿನ ಹೊರಗೆ ಬಂದು ಉಮಾವತಿಯ ನಂಬರು ಒತ್ತಿದ. ಈ ಹೊತ್ತಿಗೆ ಅವಳು ಗದ್ದೆಗೆ ಇಳಿದಿರುತ್ತಾಳೆ, ಫೋನು ಜಗಲಿಯಲ್ಲಿರುತ್ತದೆ. ಅಷ್ಟು ದೂರದಿಂದ ಕೈ ಒರೆಸಿಕೊಂಡು ಬರಬೇಕು ಅವಳು. ಫೋನು ರಿಂಗಾಗುತ್ತಲೇ ಇತ್ತು, ಅವನು ಇಡಲಿಲ್ಲ.