ಅಂಚಿನ ಸುತ್ತುಗಳು

ಬೆಳಗ್ಗೆ ಹತ್ತೂವರೆಗೆ ಅವಳ ಕಂಪ್ಯೂಟರ್ ಪರದೆಯ ಮೇಲೆ ಬಂದು ನಿಂತ ಉತ್ತರ ಇಪ್ಪತ್ತಾರು ವ್ಯಾಟ್. ಒಂದು ವರ್ಷದ ಹಿಂದೆ ಅವಳೇ ವರದಿಯಲ್ಲಿ ಬರೆದುಕೊಟ್ಟಿದ್ದು ಹನ್ನೊಂದು. ಆ ಹನ್ನೊಂದನ್ನು ನಂಬಿ ಅವಳ ಸೋದರಮಾವ ಕೆಳಗಿನ ಕಾರ್ಯಾಗಾರದಲ್ಲಿ ಎಂಟು ತಿಂಗಳು ಕೂತು ಅತಿವಾಹಕ ತಂತಿಯ ಸುರುಳಿ ಸುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಪರೀಕ್ಷೆ.

ಅತಿಶೀತದಲ್ಲಿಟ್ಟು ಒಂದೇ ದಿಕ್ಕಿನಲ್ಲಿ ವಿದ್ಯುತ್ ಹರಿಸಿದರೆ ಈ ತಂತಿ ಬಿಸಿಯಾಗುವುದಿಲ್ಲ. ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ಕೊಟ್ಟರೆ ಮಾತ್ರ ಕಾಂತಕ್ಷೇತ್ರ ಒಳಗೂ ಹೊರಗೂ ಓಡಾಡಿ ಶಾಖ ಹುಟ್ಟಿಸುತ್ತದೆ. ಆ ಶಾಖ ಎಷ್ಟೆಂದು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಹೋದ ವರ್ಷ ಸಮಯ ಉಳಿಯಲೆಂದು ನಡುವಿನ ಒಂದು ಸುತ್ತಿನ ಲೆಕ್ಕವನ್ನಷ್ಟೇ ಮಾಡಿ, ಒಟ್ಟು ಸುತ್ತುಗಳಿಂದ ಗುಣಿಸಿಬಿಟ್ಟಿದ್ದಳು. ಅಂಚಿನ ಸುತ್ತುಗಳಲ್ಲಿ ಕಾಂತಕ್ಷೇತ್ರ ಪಟ್ಟಿಯಂತೆ ಚಪ್ಪಟೆಯಾದ ತಂತಿಯ ಅಗಲಕ್ಕೇ ನೆಟ್ಟಗೆ ಬಂದು ಬಡಿಯುತ್ತದೆ. ಅಲ್ಲಿ ಶಾಖ ಹಲವು ಪಟ್ಟು. ಅವಳಿಗೆ ಗೊತ್ತಿದ್ದ ಸಂಗತಿಯೇ. ತಂಪು ಮಾಡುವ ಯಂತ್ರ ತಡೆದುಕೊಳ್ಳುವುದು ಹದಿನೈದು ವ್ಯಾಟ್ ಮಾತ್ರ.

ಸಂಸ್ಥೆಯ ನಿರ್ದೇಶಕಿಯ ಕೋಣೆಗೆ ಓಡಿ ಹೊಸ ಲೆಕ್ಕ ಹೇಳಿದಳು. ಅವರು ಕಡತದಿಂದ ತಲೆ ಎತ್ತಲಿಲ್ಲ.

“ಹನ್ನೊಂದು ಅಂತ ಸಹಿ ಹಾಕಿದ್ದು ಯಾರು?”

“ನಾನೇ ಮೇಡಂ. ತಪ್ಪಾಗಿದೆ.”

“ಇವತ್ತಿಂದು ತಪ್ಪಲ್ಲ ಅಂತ ಹೇಗೆ ನಂಬ್ಲಿ? ನೋಡೋಕೆ ಹೊರಗಿನವರೆಲ್ಲ ಬಂದಾಗಿದೆ. ಪರೀಕ್ಷೆ ನಡೆಯುತ್ತೆ.”

ಅವಳು ಮೆಟ್ಟಿಲಿಳಿದು ಕಾರ್ಯಾಗಾರಕ್ಕೆ ಹೋದಳು. ಮಾವ ಸುರುಳಿಯನ್ನು ತಣ್ಣಗಿಟ್ಟಿದ್ದ ಉಕ್ಕಿನ ಪಾತ್ರೆಯ ಪಕ್ಕ ಕೂತು ಒಳಗಿನ ಸುರುಳಿಯ ತಾಪಮಾನ ಬರೆದುಕೊಳ್ಳುತ್ತಿದ್ದರು.

“ಮಾವ, ಕರೆಂಟ್ ಕೊಡ್ಬೇಡಿ. ಸುಟ್ಟುಹೋಗುತ್ತೆ.”

ಅವಳು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. “ಖಂಡಿತಾನಾ?”

“ಆಗ್ಲೂ ಖಂಡಿತ ಅಂದಿದ್ದೆ.”

ಮಾವ ನಕ್ಕರು, ಆದರೆ ಮುಖದಲ್ಲಿ ರಕ್ತವಿರಲಿಲ್ಲ. “ಚಿಕ್ಕವಳಿದ್ದಾಗ್ಲೂ ಅಷ್ಟೇ. ಮಗ್ಗಿ ಹೇಳು ಅಂದ್ರೆ ನಡುವಿಂದ ಶುರು ಮಾಡ್ತಿದ್ದೆ.”

ನಿರ್ದೇಶಕಿಯನ್ನು ಕೇಳಲು ಮೇಲೆ ಹೋದ ಮಾವ ಹತ್ತು ನಿಮಿಷಕ್ಕೆ ವಾಪಸಾದರು. “ನಿಲ್ಲಿಸಲ್ವಂತೆ. ನಿಧಾನಕ್ಕೆ ಏರಿಸ್ಬಹುದು, ಸ್ವಿಚ್ ನನ್ನ ಕೈಲಿರುತ್ತೆ. ಅಷ್ಟೇ ಸಿಕ್ಕಿದ್ದು.”

ಮೂರಕ್ಕೆ ಶುರುವಾಯಿತು. ಮುಕ್ಕಾಲು ಕರೆಂಟ್ ತಲುಪುವ ಹೊತ್ತಿಗೆ ಮೇಲಂಚಿನ ತಾಪಮಾನ ದಡದಡನೆ ಏರಿತು. ಅವಳು ಮಾವನ ಭುಜ ಹಿಡಿದಳು. “ಸಾಕು ಮಾವ, ಸಾಕು.” ಅವರು ಸ್ವಿಚ್ ಎಳೆದರು. ಅಷ್ಟರೊಳಗೆ ಮೀಟರಿನ ಮುಳ್ಳು ತುದಿ ಮುಟ್ಟಿ ಸೊನ್ನೆಗೆ ಬಿದ್ದಿತ್ತು; ಸುರುಳಿ ಸುಟ್ಟಿತ್ತು.

ನಿರ್ದೇಶಕಿ ಯಾರ ಮುಖವನ್ನೂ ನೋಡದೆ ಅತಿಥಿಗಳನ್ನು ಕರೆದುಕೊಂಡು ಹೊರಟುಹೋದರು. ಅಲ್ಲಿಯವರೆಗೆ ಅಳೆದ ಶಾಖ ಅವಳ ಹೊಸ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಅದೂ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು.

ಮೂರು ದಿನ ಬಿಟ್ಟು ಪಾತ್ರೆ ತೆರೆದರು. ಮೇಲಿನ ಏಳು ಸುತ್ತು ಕರಕಲಾಗಿದ್ದವು. ಮಾವ ಬೆರಳಿಂದ ಸವರಿ ನೋಡಿದರು.

“ನನ್ನಿಂದ ಹೀಗಾಯ್ತು ಮಾವ.”

“ಹೌದು, ನಿನ್ನಿಂದಲೇ,” ಎಂದರು. ಸಿಟ್ಟಿರಲಿಲ್ಲ, ಸಮಾಧಾನದ ಮಾತೂ ಬರಲಿಲ್ಲ. “ಆ ತುದಿ ಹಿಡ್ಕೊ. ಬಿಚ್ಚೋಣ.”

ಅವಳು ಹಿಡಿದಳು. ಅವಳ ಹಿಡಿತ ಗಟ್ಟಿಯಾಗುವವರೆಗೂ ಮಾವ ಕಾಯ್ದರು.