ಬೆಣೆ ಹೊಡೆದವರೇ ಕೀಳಬೇಕು

ನಾನು ಒಂದು ಕೋಳ. ಜಾಲಿಮರದ ಎರಡು ದಿಮ್ಮಿ, ನಡುವೆ ಕಾಲು ಸಿಕ್ಕುವಷ್ಟು ತೂತು, ತುದಿಯಲ್ಲಿ ಒಂದು ಬೆಣೆ. ಇಷ್ಟೇ ನನ್ನ ಮೈ. ಬಂಡಿಯ ಅಚ್ಚು ಮಾಡಿದ್ದರೆ ನಾಲ್ಕು ಊರು ನೋಡುತ್ತಿದ್ದೆ. ಬಡಿಗೇರ ಕಾಳಪ್ಪ, ಊರ ಗೌಡರ ಮಾತು ಕೇಳಿ, ನನ್ನನ್ನು ಚಾವಡಿಯಲ್ಲಿ ಕೂಡಿಸಿದ. ತಪ್ಪು ಮಾಡಿದವರ ಕಾಲು ಹಿಡಿಯುವುದು ನನ್ನ ಪಾಲಿಗೆ ಬಂದ ಕೆಲಸ. ಬೆಣೆ ಹೊಡೆದವರೇ ಅದನ್ನು ಕೀಳಬೇಕು, ಬೇರೆ ಯಾರೂ ಮುಟ್ಟಬಾರದು ಎಂಬುದು ಊರ ಪದ್ಧತಿ.

ಹುಲಿಗೆಪ್ಪ ಮಾಡಿದ ತಪ್ಪೆಂದರೆ, ಹೆಂಡತಿಗೆ ಹೆರಿಗೆ ನೋವು, ಇವತ್ತು ಬಿಟ್ಟಿ ಕೆಲಸಕ್ಕೆ ಬರಲಾರೆ ಎಂದದ್ದು. ಗೌಡರು ತಾವೇ ಬೆಣೆ ಹೊಡೆದು ಬೀಗರ ಮದುವೆಗೆ ಹೋಗಿಬಿಟ್ಟರು. ಅವರು ಮೂರು ದಿನ ಬಿಟ್ಟು ತಿರುಗಿ ಬರುವವರೆಗೆ ಊರಿಗೆ ಊರೇ ನೋಡುತ್ತ ನಿಂತಿತೇ ಹೊರತು ಯಾರೂ ಬೆಣೆಗೆ ಕೈ ಹಚ್ಚಲಿಲ್ಲ. ಮಗಳು ಹುಟ್ಟಿದ ಸುದ್ದಿ ಅವನಿಗೆ ತಿಳಿದದ್ದೂ ಇಲ್ಲಿಯೇ. ಮುಂದೆ ಅವನು ಕುಂಟುತ್ತಲೇ ಬದುಕಿದ. ಆಗಿನಿಂದ ನನಗೆ ನನ್ನ ಮೈಯೆಂದರೆ ಹೇಸಿಗೆ.

ಈಗ ಚಾವಡಿ ವಸ್ತುಸಂಗ್ರಹಾಲಯವಾಗಿದೆ. ನೋಡಿಕೊಳ್ಳುವವರು ಆ ಗೌಡರ ಮೊಮ್ಮಗ ಅಮರೇಗೌಡರು. ಬಂದವರಿಗೆಲ್ಲ ಬೆಣೆಯ ಪದ್ಧತಿಯನ್ನು ನಗುನಗುತ್ತ ಹೇಳಿ, ಕಾಲಿಡಿಸಿ ಫೋಟೊ ತೆಗೆಸುತ್ತಿದ್ದರು.

ಮೊನ್ನೆ ಒಬ್ಬ ಮುದುಕಿ ಬಂದಳು.

“ಹೆಂಗ ಹಾಕ್ತಿದ್ರು, ನೀವ ಕುಂತು ತೋರಸ್ರಿ ಗೌಡ್ರ.”

ಗೌಡರು ಖುಷಿಯಿಂದ ಕುಳಿತು ಕಾಲಿಟ್ಟು, ಮೇಲಿನ ದಿಮ್ಮಿಯನ್ನೂ ತಾವೇ ಇಳಿಸಿಕೊಂಡರು. ಮುದುಕಿ ಪಕ್ಕದಲ್ಲಿದ್ದ ಮರದ ಕೊಡತಿ ಎತ್ತಿ ಬೆಣೆಯನ್ನು ಬಲವಾಗಿ ಜಡಿದಳು.

“ಸಾಕಬೇ ಯವ್ವ, ಇನ್ನ ತಗಿ.”

“ನಾ ಹುಲಿಗೆಪ್ಪನ ಮಗಳು, ದ್ಯಾಮವ್ವ. ನಮ್ಮಪ್ಪ ಇದರಾಗ ಕುಂತಾಗ ಹುಟ್ಟಿದಾಕಿ.”

ಗೌಡರ ನಗೆ ನಿಂತಿತು. ಕೈ ಚಾಚಿದರು, ಬೆಣೆ ಎಟುಕಲಿಲ್ಲ. ನೋಡಲು ಬಂದಿದ್ದವರಲ್ಲಿ ಒಬ್ಬರು ಮುಂದೆ ಬಂದಾಗ ದ್ಯಾಮವ್ವ, “ಹೊಡದಾಕಿ ನಾನು” ಎಂದಳು. ಅವರು ಹಿಂದೆ ಸರಿದರು. ಆಕೆ ಬಾಗಿಲ ಕಡೆ ನಡೆದಳು. ಹೋಗಬೇಡ ತಾಯಿ, ಮತ್ತೊಂದು ಕಾಲನ್ನು ನನ್ನ ಕೈಯಲ್ಲಿ ಕೊಲ್ಲಿಸಬೇಡ ಎಂದು ನಾನು ಒಳಗೇ ಬೇಡಿಕೊಂಡೆ.

“ಯವ್ವಾ, ಕಾಲು ಜೋಮ ಹಿಡದೈತಿ” ಎಂದರು ಗೌಡರು.

ಆಕೆ ಹೊಸ್ತಿಲಲ್ಲಿ ನಿಂತಳು. “ನಮ್ಮಪ್ಪನೂ ಇದನ್ನ ಅಂದಿದ್ನಂತ. ಯಾರೂ ಹೊಳ್ಳಿ ಬರಲಿಲ್ಲ.”

ನನ್ನೊಳಗೆ ಸಿಕ್ಕ ಕಾಲನ್ನು ತಿರುಗಿ ನೋಡಿದಳು. ಆಮೇಲೆ ಒಳಗೆ ಬಂದು ಬೆಣೆಯನ್ನು ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಅದು ಸಂಗ್ರಹಾಲಯದ ವಸ್ತು ಎಂದು ಯಾರೋ ಗೊಣಗಿದರು. ಗೌಡರು ಕಾಲು ತಿಕ್ಕಿಕೊಳ್ಳುತ್ತ, “ಒಯ್ಲಿ ಬಿಡ್ರಿ” ಎಂದರು.

ಈಗ ನಾನು ಬಾಯಿ ತೆರೆದು ಬಿದ್ದಿದ್ದೇನೆ, ಯಾರ ಕಾಲನ್ನೂ ಹಿಡಿಯಲಾರೆ. ಮುಪ್ಪಿನಲ್ಲಿ ನನಗೆ ಇಷ್ಟು ಸಾಕು. ಬೆಣೆ ಎಲ್ಲಿ ಎಂದು ಕೇಳಿದವರಿಗೆ ಗೌಡರು ಹುಲಿಗೆಪ್ಪನ ಹೆಸರು ಹೇಳುತ್ತಾರೆ. ಹೇಳುವಾಗ ನಗುವುದಿಲ್ಲ.