ದೂರಿನ ಪೆಟ್ಟಿಗೆಯ ಬೀಗದಕೈ

ಕಾಗದವನ್ನು ಬಿಡಿಸಿದೊಡನೆಯೇ ಅದು ಯಾರ ಕೈಬರಹವೆಂದು ದಿನಕರ ಮಾಸ್ತರರಿಗೆ ತಿಳಿದುಹೋಯಿತು. ಸಾಲುಗಳು ಬಲಕ್ಕೆ ಹೋದಂತೆಲ್ಲ ಮೇಲೇರುತ್ತಿದ್ದವು. ಪ್ರತಿ ಪದದ ಕೊನೆಯಲ್ಲಿಯೂ ಪೆನ್ನು ಕಾಗದವನ್ನು ಇರಿದಿತ್ತು. ಗೋವೆಯ ಕುಡಚಡೆಯಲ್ಲಿ ಲಾರಿಗಳಿಗೆ ಅದಿರು ತುಂಬಿ ಮರಗಟ್ಟಿದ ಬೆರಳುಗಳಿಗೆ ಪೆನ್ನನ್ನು ಹಗುರವಾಗಿ ಹಿಡಿಯಲು ಕಲಿಸುವುದಕ್ಕಾಗಿ ಅವರು ಎಂಟು ತಿಂಗಳು ಹೆಣಗಿದ್ದರು. ಇದು ಕೈದಿ ದೇವುವಿನ ಅಕ್ಷರ. ಮೂವತ್ತೆರಡನೆಯ ವಯಸ್ಸಿನಲ್ಲಿ ಅವನು ಬರೆದ ಮೊದಲ ಪತ್ರ.

“ಓದ್ರಿ ಮಾಸ್ತರ್ರ,” ಎಂದ ಜೈಲಿನ ಅಧಿಕಾರಿ ಪವಮಾನ, ಕುರ್ಚಿಯಲ್ಲಿ ಹಿಂದಕ್ಕೊರಗಿ. “ನಮ್ಮ ಮಂದಿ ಧಾರವಾಡ ಕಡಿಯವ್ರು ಖರೇ, ಆದ್ರ ನಾ ಕಲ್ತದ್ದು ಇಲ್ಲಿ ಮರಾಠಿ ಸಾಲ್ಯಾಗ. ಕನ್ನಡ ಕೇಳಿದ್ರ ತಿಳೀತದ, ಓದಾಕ ಬರಂಗಿಲ್ಲ. ಇಡೀ ಜೈಲಿನಾಗ ಓದಾವ್ರು ನೀವು, ಮತ್ತ ನಿಮ್ಮ ಆರು ಮಂದಿ ಶಾಣ್ಯಾ ಹುಡುಗ್ರು.”

ಮಾಸ್ತರರು ಓದಲಿಲ್ಲ. “ಈ ಕಾಗದ ನಿಮ್ಮ ಕೈಗೆ ಹ್ಯಾಂಗ ಬಂತ್ರಿ? ದೂರಿನ ಪೆಟ್ಟಿಗಿ ಕೀಲಿಕೈ ಕೋರ್ಟಿನಾಗ ಇರಬೇಕು. ಪೆಟ್ಟಿಗಿ ಮ್ಯಾಲೆ ಹಂಗಂತ ಬರದೀರಿ.”

“ಬರದೇವಿ. ಅವ್ರ ಹತ್ರ ಒಂದ ಕೀಲಿಕೈ ಅದ. ನಮ್ಮ ಹತ್ರ ಒಂದ ಅದ.” ಪವಮಾನ ನಕ್ಕ. “ಜಡ್ಜ್ ಸಾಹೇಬ್ರಿಗೆ ಸಣ್ಣಸಣ್ಣದಕ್ಕ ಯಾಕ ತ್ರಾಸ ಕೊಡೂದು?”

ಧಾರವಾಡದಿಂದ ಬಂದು ಗೋವೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರರು, ನಿವೃತ್ತಿಯ ನಂತರ ಪ್ರತಿ ಗುರುವಾರ ಈ ಜೈಲಿಗೆ ಬಂದು ಕನ್ನಡದ ಕೂಲಿಕಾರ ಕೈದಿಗಳಿಗೆ ಓದು ಬರಹ ಕಲಿಸುತ್ತಿದ್ದರು. ಪೆಟ್ಟಿಗೆಯನ್ನು ನ್ಯಾಯಾಧೀಶರೇ ತೆರೆಯಬೇಕೆಂದು ಅರ್ಜಿಯ ಮೇಲೆ ಅರ್ಜಿ ಬರೆದು, ಆ ಆದೇಶ ಬರುವಂತೆ ಮಾಡಿದವರೂ ಅವರೇ. ಬಂದ ದಿನ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, “ಹೆಸರ ಹಾಕಬ್ಯಾಡ್ರಿ. ಯಾರಿಗೂ ಗೊತ್ತಾಗಂಗಿಲ್ಲ. ನಾ ಹೇಳ್ತೇನಿ,” ಎಂದು ಭರವಸೆ ಕೊಟ್ಟಿದ್ದರು. ಆರೇ ಮಂದಿ ಕನ್ನಡ ಬರೆಯಬಲ್ಲ ಜೈಲಿನಲ್ಲಿ ಕನ್ನಡದ ಅನಾಮಧೇಯ ಪತ್ರವೊಂದು ಎಷ್ಟು ಹೊತ್ತು ಅನಾಮಧೇಯವಾಗಿ ಉಳಿದೀತೆಂಬ ಸರಳ ಲೆಕ್ಕ ಅವರಿಗೆ ಹೊಳೆದಿರಲಿಲ್ಲ. ಒಳ್ಳೆಯ ಉದ್ದೇಶಕ್ಕೆ ಎಚ್ಚರ ಬೇಕಿಲ್ಲವೆಂದು ನಂಬುವುದು ಸಜ್ಜನರ ಅಹಂಕಾರ; ಅದರ ದಂಡವನ್ನು ತೆರುವವರು ಬೇರೆಯವರು.

ಅವರು ಓದತೊಡಗಿದರು.

“ಸಾಹೇಬರಿಗೆ ನಮಸ್ಕಾರ. ನಮ್ಮ ಬರಾಕಿನ ಅಮೀನಪ್ಪ ಕಾಕಾಗೆ ಮೂರ್ಛೆ ರೋಗ ಇದೆ. ಅವನ ಹೆಂಡತಿ ಗುಳಿಗೆ ತಂದು ಗೇಟಿನಲ್ಲಿ ಕೊಡುತ್ತಾಳೆ. ಪೊಲೀಸನ ಕೈ ಬೆಚ್ಚಗೆ ಮಾಡದಿದ್ದರೆ ಗುಳಿಗೆ ಒಳಗೆ ಬರುವುದಿಲ್ಲ. ಈ ತಿಂಗಳು ಕಾಕಾ ಮೂರು ಸಲ ಬಿದ್ದಿದ್ದಾನೆ. ನಾಲಿಗೆ ಕಚ್ಚಿಕೊಂಡಿದ್ದಾನೆ. ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ.”

ಮುಂದಿನ ಸಾಲುಗಳನ್ನು ಅವರ ಕಣ್ಣು ಓದಿತು, ಬಾಯಿ ಓದಲಿಲ್ಲ. “ಲಾರಿಗೆ ಮಾಲು ಹಾಕಿದಾಗ ಮೂರು ಚೀಟಿ ಬರೆಯುತ್ತಾರೆ. ಗುಳಿಗೆಗೂ ಹಾಗೆ ಬರೆಯಬೇಕು. ಒಂದು ಕೊಟ್ಟವಳಿಗೆ, ಒಂದು ಒಳಗೆ ಕಾಕಾನ ಕೈಗೆ, ಒಂದು ಕೋರ್ಟಿಗೆ. ಆಗ ನಡುವೆ ಯಾರೂ ತಿನ್ನಲು ಬರುವುದಿಲ್ಲ.”

ಈ ಜೈಲನ್ನು ತಿದ್ದಲು ಇಷ್ಟು ಸ್ಪಷ್ಟವಾದ ಮಾತನ್ನು ಯಾವ ಅಧಿಕಾರಿಯೂ ಬರೆದಿರಲಿಲ್ಲ. ಆದರೆ ಆರು ಮಂದಿಯಲ್ಲಿ ಅದಿರಿನ ಲಾರಿ ತುಂಬಿದವನು ಒಬ್ಬನೇ. ರೋಗಕ್ಕೆ ಮದ್ದು ಹೇಳುವ ಸಾಲೇ ಬರೆದವನ ಹೆಸರನ್ನೂ ಹೇಳುತ್ತಿತ್ತು. ಮಾಸ್ತರರು ಕಾಗದವನ್ನು ಮಡಿಚತೊಡಗಿದರು.

“ಮುಗೀತೇನ್ರಿ? ಕೆಳಗ ಇನ್ನೂ ನಾಕ ಸಾಲ ಕಾಣಾಕತ್ತಾವು.”

“ನಮಸ್ಕಾರ, ಉಪಚಾರದ ಮಾತು,” ಎಂದರು.

“ಯಾರ ಅಕ್ಷರರಿ ಇದು?”

“ನಂದು. ನಾನಽ ಬರದೇನಿ.”

ಪವಮಾನ ಎದ್ದು, ಕಬ್ಬಿಣದ ಕಪಾಟನ್ನು ತೆರೆದು, ಆರು ಕಾಪಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ಒಂದೊಂದರ ಮೇಲೂ ಗುಂಡಗೆ ಬರೆದ ಹೆಸರು, ಒಳಗೆ ಪ್ರತಿ ಪುಟಕ್ಕೂ ತಾರೀಖು, ಅಂಚಿನಲ್ಲಿ ಕೆಂಪು ಶಾಯಿಯ ತಿದ್ದುಪಡಿ. ತರಗತಿ ಮುಗಿದ ಮೇಲೆ ಪುಸ್ತಕಗಳು ಚೆಲ್ಲಾಡಬಾರದು, ಕಚೇರಿಯಲ್ಲಿ ಭದ್ರವಾಗಿರಬೇಕು ಎಂದು ಹಟ ಹಿಡಿದು ಒಪ್ಪಿಸುತ್ತಿದ್ದವರು ಮಾಸ್ತರರೇ.

“ನಿಮ್ಮ ಶಿಸ್ತು ಭಾಳ ಚಲೋರಿ,” ಎಂದ ಪವಮಾನ, ಮೂರನೆಯ ಪುಸ್ತಕವನ್ನು ಕಾಗದದ ಪಕ್ಕಕ್ಕೆ ಸರಿಸುತ್ತ. “ಓದಾಕ ಬರದಿದ್ರೂ ನೋಡಾಕ ಕಣ್ಣ ಅದಾವ. ಇದು ಮುಂಜಾನೆಽ ಗೊತ್ತಾಗೇತಿ. ನೀವು ಖರೇ ಹೇಳ್ತೀರೇನು ಅಂತ ನೋಡಬೇಕಾಗಿತ್ತು.”

ಗಂಟೆ ಒತ್ತಿದ. ಪೇದೆಯೊಬ್ಬ ದೇವುವನ್ನು ಕರೆತಂದು ಮೇಜಿನ ಮುಂದೆ ನಿಲ್ಲಿಸಿದ. ಕಾಗದವನ್ನು ಕಂಡಾಗ ದೇವುವಿನ ಮುಖ ಬಿಳಿಚಿತು. ಮಾಸ್ತರರನ್ನು ಕಂಡು ಕೊಂಚ ಸಾವರಿಸಿಕೊಂಡ.

“ಓದಲೇ, ಪಂಡಿತ. ಪೂರಾ ಓದು.”

ದೇವು ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿದ. ಲಾರಿಯ ಮಾತು ಬಂದಾಗ ನಿಲ್ಲಲಿಲ್ಲ. ಮೂರು ಚೀಟಿಗಳ ಮಾತನ್ನೂ ಓದಿದ.

“ಹಾಂ, ಉಪಚಾರದ ಮಾತು ಇದಽ ಏನ್ರಿ ಮಾಸ್ತರ್ರ?” ಎಂದ ಪವಮಾನ. “ನೋಡಲೇ, ನಿನ್ನ ಗುರುಗಳು ಇಷ್ಟೂ ನುಂಗಿಬಿಟ್ಟಿದ್ರು.”

ದೇವು ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಪುಸ್ತಕ ಒಪ್ಪಿಸುವಾಗ ಇರುತ್ತಿದ್ದ ಅದೇ ಅಳುಕು.

“ತಪ್ಪ ಭಾಳ ಆಗಿದ್ವೇನ್ರಿ ಸರ? ಅದಕ್ಕಽ ಓದಲಿಲ್ಲೇನ್ರಿ?”

“ಇಲ್ಲೋ,” ಎಂದರು ಮಾಸ್ತರರು. “ಒಂದೂ ತಪ್ಪಿಲ್ಲ.”

“ಒಂಟಿ ಖೋಲ್ಯಾಗ ಹಾಕ್ರಿ,” ಎಂದು ಪೇದೆಗೆ ಹೇಳಿದ ಪವಮಾನ, ಮಾಸ್ತರರ ಪ್ರವೇಶಪತ್ರವನ್ನು ತನ್ನ ಮೇಜಿನ ಖಾನೆಯೊಳಕ್ಕೆ ಹಾಕಿಕೊಂಡ. ಕಾಗದವನ್ನು ನಾಲ್ಕು ತುಂಡು ಮಾಡಿದ. “ಇನ್ನ ಬರಬ್ಯಾಡ್ರಿ. ವಯಸ್ಸಾಗೇತಿ, ಮನ್ಯಾಗ ಆರಾಮ ಇರ್ರಿ.”

ಒಬ್ಬನನ್ನು ಕಳ್ಳನೆಂದು ಒಳಗಿಟ್ಟು, ಅವನ ಗುಳಿಗೆಯನ್ನು ಕದಿಯುವವನಿಗೆ ಸರ್ಕಾರದ ಬಟ್ಟೆ ತೊಡಿಸಿ ಬಾಗಿಲಲ್ಲಿ ನಿಲ್ಲಿಸುವ ಏರ್ಪಾಡಿಗೆ ನ್ಯಾಯದ ಹೆಸರಿಡುವುದು ಎಂಥ ನಾಚಿಕೆಗೇಡು! ಆದರೆ ಗೇಟಿನಿಂದ ಹೊರಬಿದ್ದ ಮಾಸ್ತರರಿಗೆ ಸಿಟ್ಟಿಗಿಂತ ಮೊದಲು ಕಂಡದ್ದು ಚಂದವ್ವ, ಅಮೀನಪ್ಪನ ಹೆಂಡತಿ. ವೆರ್ಣಾದ ಕಾರ್ಖಾನೆಯೊಂದರ ಕಾವಲುಗಾರನಾಗಿದ್ದ ಅವನು ತಾಮ್ರದ ತಂತಿ ಕದ್ದ ಆರೋಪದ ಮೇಲೆ ಒಳಗೆ ಸೇರಿ ವರ್ಷವಾಗಿತ್ತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಅವಳು ಕೊರ್ತಾಲಿಮ್‌ನಿಂದ ಎರಡು ಬಸ್ಸು ಬದಲಿಸಿ ಬಂದು, ಗುಳಿಗೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

“ಗುಳಿಗಿ ತಗೋಳಾಕ ಒಲ್ಲೆ ಅಂತಾರ್ರಿ ಮಾಸ್ತರ,” ಎಂದಳು. “ಇವತ್ತ ನಾನಾಗಿ ಕೈ ಬೆಚ್ಚಗ ಮಾಡ್ತೇನಿ ಅಂದೆ, ಆದ್ರ ಒಳಗಿಂದ ಪೊಲೀಸ ಒಬ್ಬಾಂವ ಬಂದು ಏನೋ ಹೇಳಿದ, ಆಮ್ಯಾಲೆ ಬ್ಯಾಡಂದ್ರು. ನಿನ್ನ ಗಂಡ ನಮ್ಮ ಮ್ಯಾಲೆ ಕಾಗದ ಬರಸ್ಯಾನ, ಇನ್ನ ಕಾಗದಾನಽ ನುಂಗಲಿ ಅಂದ್ರು. ಅವಂಗ ಸಹಿ ಮಾಡಾಕಽ ಬರಂಗಿಲ್ರಿ. ಯಾವ ಕಾಗದರಿ ಅದು?”

“ನಾ ಬರಸಿದ್ದವ್ವ,” ಎಂದರು ಮಾಸ್ತರರು. “ಬರೀರಿ, ಏನೂ ಆಗಂಗಿಲ್ಲ ಅಂತ ನಾನಽ ಹೇಳಿದ್ದೆ.”

ಅವಳು ಅವರನ್ನು ದಿಟ್ಟಿಸಿದಳು. “ನೀವು ಓದಿದವ್ರು,” ಎಂದಳು. ಅಷ್ಟೇ. ಆಮೇಲೆ, “ಸೋಮವಾರದಿಂದ ಒಳಗ ಒಂದ ಗುಳಿಗಿನೂ ಇಲ್ರಿ.”

ಬಸ್ಸು ನಿಲ್ಲುವಲ್ಲಿ ಮುರಿದ ಕಲ್ಲುಬೆಂಚಿತ್ತು. ಮಾಸ್ತರರು ಅದರ ಮೇಲೆ ಕುಳಿತು, ಚೀಲದಿಂದ ಹಾಳೆ ತೆಗೆದು, ತೊಡೆಯ ಮೇಲಿಟ್ಟುಕೊಂಡು ಜಿಲ್ಲಾ ನ್ಯಾಯಾಧೀಶರಿಗೆ ಬರೆಯತೊಡಗಿದರು. ತಾವು ನುಂಗಿದ ಮಾತನ್ನೇ ಮೊದಲು ಬರೆದರು: ಲಾರಿಗೆ ಮಾಲು ಹಾಕಿದಾಗ ಮೂರು ಚೀಟಿ ಬರೆಯುತ್ತಾರೆ. ನಂತರ ಪೆಟ್ಟಿಗೆಯ ಎರಡನೆಯ ಬೀಗದಕೈಯ ಸಂಗತಿ. ನಂತರ ಅಮೀನಪ್ಪ. ನಂತರ ಒಂಟಿ ಕೋಣೆಯಲ್ಲಿರುವ ದೇವು. ಅವನನ್ನು ಇಂದೇ, ತಪ್ಪಿದರೆ ನಾಳೆಯೇ, ನ್ಯಾಯಾಧೀಶರು ಬಂದು ಕಣ್ಣಾರೆ ನೋಡಬೇಕೆಂಬ ಬಿನ್ನಹ. ಕೊನೆಯಲ್ಲಿ ತಮ್ಮ ಪೂರ್ಣ ಹೆಸರು, ಮನೆಯ ವಿಳಾಸ, ಫೋನ್ ನಂಬರು. ಚಂದವ್ವನ ಹೆಬ್ಬೆರಳಿಗೆ ಪೆನ್ನಿನ ಶಾಯಿಯನ್ನು ಉಜ್ಜಿ ಪಕ್ಕದಲ್ಲಿ ಒತ್ತಿಸಿದರು.

“ಎಷ್ಟಕ್ಕ ಮುಚ್ಚತದ್ರಿ ಕೋರ್ಟು?” ಎಂದಳು ಅವಳು.

“ಐದೂವರಿಗೆ.”

ಗಂಟೆ ನಾಲ್ಕೂ ಮುಕ್ಕಾಲು. ರಸ್ತೆಯ ತಿರುವಿನಲ್ಲಿ ಬಸ್ಸಿನ ಸುಳಿವಿರಲಿಲ್ಲ. ಹಿಂದೆ, ಗೋಡೆಯ ಒಳಗೆ, ಯಾರೋ ಯಾರನ್ನೋ ಕೂಗಿದರು, ಮತ್ತೆ ಕೂಗಿದರು, ಬಳಿಕ ಬಹಳ ಜನ ಒಟ್ಟಿಗೆ ಕಂಬಿ ಬಡಿಯುವ ಸದ್ದು. ಚಂದವ್ವ ತಟ್ಟನೆ ಎದ್ದು ನಿಂತಳು.

“ಅಂವಾ ಬಿದ್ದಾನ್ರಿ,” ಎಂದಳು. “ಮಾಸ್ತರ, ಅಂವಾ ಮತ್ತ ಬಿದ್ದಾನ.”

ಮಾಸ್ತರರು ಪತ್ರವನ್ನು ಜೇಬಿಗೆ ಸೇರಿಸಿ, ಅವಳ ಕೈಯಿಂದ ಪೊಟ್ಟಣವನ್ನು ತೆಗೆದುಕೊಂಡು, ಜೈಲಿನತ್ತ ಓಡಿ, ಪ್ರವೇಶಪತ್ರವಿಲ್ಲದ ತಮ್ಮ ಕೈಯಿಂದ ಆ ಕಬ್ಬಿಣದ ಗೇಟನ್ನು ಬಡಿಯತೊಡಗಿದರು.